ಹೂವು ತರಲು ಹೋದವನ ದನಿ

ದನಿ ಕೇಳಿದ ಮೇಲೆಯೇ ಸಂಘಮಿತ್ರಾ ತಲೆ ಎತ್ತಿ ನೋಡಿದ್ದು. ಅಲ್ಲಿಯವರೆಗೆ ಅವಳು ಲ್ಯಾಪ್‌ಟಾಪಿಗೆ ಸ್ಪೀಕರಿನ ವೈರು ಸಿಕ್ಕಿಸುವುದರಲ್ಲಿ ಮುಳುಗಿದ್ದಳು. ಸೇಡಂನ ಆ ಸಭಾಭವನದ ವೇದಿಕೆಯ ಮೂಲೆಯಲ್ಲಿ ಜಮಖಾನೆ ಹಾಸಿ ಕೂತ ಭಜನೆಯವರು ಪದ ಎತ್ತಿದ್ದರು.

ಒಡಕ ಗಡಿಗ್ಯಾಗ ಜೇನ ತುಂಬತಿಯಲ್ಲೊ ತಮ್ಮಾ
ಇರಿವಿ ಹಾದಿ ಹಿಡಿದಾವೊ ಮನಿತನಕಾ

ಕುಡಿತದ ಮೇಲೆ ಕಟ್ಟಿದ ತತ್ವಪದ. ಹಾಡುವವನು ಸಾಲಿನ ಕೊನೆಯ ಸ್ವರವನ್ನು ಎಳೆದು, ಬಾವಿಗೆ ಹಗ್ಗ ಇಳಿಸುವಂತೆ ಮೆಲ್ಲನೆ ಬಿಡುತ್ತಿದ್ದ. ಮುಂದಿನ ಸಾಲಿನಲ್ಲಿ ಕೂತ ಕಾಲೇಜು ಹುಡುಗರು ಕೂಡ ಮೊಬೈಲು ಕೆಳಗಿಟ್ಟಿದ್ದರು. ಸಂಘಮಿತ್ರಾಳ ಕೈಯಲ್ಲಿದ್ದ ವೈರು ಹಾಗೇ ಉಳಿಯಿತು. ಈ ದನಿಯನ್ನು ಅವಳು ವಾರಗಟ್ಟಲೆ ಕಿವಿಗೆ ಹೆಡ್‌ಫೋನ್ ಹಚ್ಚಿ ಕೇಳಿ, ಒಂದೊಂದೇ ಮಾತು ಬರೆದುಕೊಂಡಿದ್ದಳು. ಆಗ ಅದು ಹಾಡಿರಲಿಲ್ಲ, ಅತ್ತಿತ್ತು. ಕೋಡ್ಲಾದ ಆಚೆಯ ಹಳ್ಳಿಯ ಗೊಲ್ಲಾಳಪ್ಪನ ದನಿ ಅದು.

ವಿಶ್ವವಿದ್ಯಾಲಯದ ಹಲವು ವಿಭಾಗಗಳು ಕೂಡಿ ಕುಡಿತ ಮತ್ತು ನಶೆಯ ಮೇಲೆ ನಡೆಸಿದ್ದ ಅಧ್ಯಯನವದು. ರಸಾಯನಶಾಸ್ತ್ರದವರು ರಾಜ್ಯದ ಗಡಿಯಾಚೆಯ ಅಂಗಡಿಗಳಿಂದ ನಶೆಯ ಪುಡಿ ಬೆರೆಸಿದ ಹೆಂಡ, ಅಲ್ಲಿಯವರ ಶಿಂದಿ, ತಂದು ಪರೀಕ್ಷೆ ಮಾಡಿದ್ದರು. ಸಮಾಜಕಾರ್ಯದ ಸಂಘಮಿತ್ರಾ ಕುಡಿಯುವವರನ್ನು ಮಾತಾಡಿಸಿದ್ದಳು. ಕನ್ನಡ ವಿಭಾಗದ ಶಗುಫ್ತಾ ಮೇಡಂ ಕುಡಿತದ ವಿರುದ್ಧದ ಪದಗಳನ್ನು ಕೂಡಿಹಾಕಿದ್ದರು. ಮಾತಾಡಿದವರ ಹೆಸರು ಯಾರಿಗೂ ಹೇಳಬಾರದೆಂಬ ನಿಯಮವಿತ್ತು. ಅದಕ್ಕೇ ಸಂಘಮಿತ್ರಾಳ ಕುಡುಕನೇ ಶಗುಫ್ತಾ ಮೇಡಂ ಅವರ ಹಾಡುಗಾರ ಎಂಬುದು ಯಾರಿಗೂ ತಿಳಿಯಲಿಲ್ಲ. ಅಧ್ಯಯನದಲ್ಲಿ ಕಂಡದ್ದನ್ನು ಜನರಿಗೆ ತಿಳಿಸುವ ಸಭೆ ಇವತ್ತು ಸೇಡಂನಲ್ಲಿ, ನಾಳೆಯಿಂದ ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ. ಎಲ್ಲ ಕಡೆ ಮೊದಲು ಹಾಡು, ಆಮೇಲೆ ಸಂಘಮಿತ್ರಾ ಮಾತಾಡಿಸಿದ ಆ ಕುಡುಕನ ಧ್ವನಿಮುದ್ರಿಕೆ.

“ದನಿ ಬದಲ್ ಮಾಡ್ಲೇನು ಸರ್?” ಎಂದು ಅವಳು ಮೊದಲೇ ಕೇಳಿದ್ದಳು. ಅವಳ ಪಿಎಚ್‌ಡಿ ಮಾರ್ಗದರ್ಶಕ ಸುರೇಶಕುಮಾರ ಸರ್ ಒಪ್ಪಿರಲಿಲ್ಲ. “ಬದಲ್ ಮಾಡಿದ್ರ ಕಾರ್ಟೂನ್ ಆಗ್ತದ. ಹೆಸರಿಲ್ಲಲ್ಲ, ಸಾಕು” ಅಂದಿದ್ದರು.

ಪದ ಮುಗಿಯಿತು. ಶಗುಫ್ತಾ ಮೇಡಂ ನಗುತ್ತ, “ಗೊಲ್ಲಾಳಪ್ಪಣ್ಣಾ, ನೀವು ಮೈಕಿಗೆ ಹೆದರ್ತೀನಂದ್ರಿ. ಮೈಕೇ ನಿಮಗ ಹೆದರ್ತು ನೋಡ್ರಿ!” ಅಂದರು. ಜನ ಚಪ್ಪಾಳೆ ಹೊಡೆದರು. ಪಕ್ಕದಲ್ಲಿ ಹಿಮ್ಮೇಳಕ್ಕೆ ಕೂತಿದ್ದ ಅವನ ಹೆಂಡತಿ ಜಗದೇವಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಗೊಲ್ಲಾಳಪ್ಪ ಕೈಮುಗಿಯುತ್ತ ಸಭೆಯತ್ತ ನೋಡಿದ. ನೋಟ ಸಂಘಮಿತ್ರಾಳ ಮೇಲೆ ಬಂದು ನಿಂತಿತು. ಅವಳು ಮುಖ ತಿರುಗಿಸಿ ವೈರು ಹುಡುಕುವವಳಂತೆ ಬಗ್ಗಿದಳು.

ಇನ್ನು ಹಚ್ಚಬೇಕಿದ್ದ ಮುದ್ರಿಕೆ ಅವನದೇ. ಎದ್ದು ಸುರೇಶಕುಮಾರ ಸರ್ ಹತ್ತಿರ ಹೋದಳು. ಅವರು ಯಾರೋ ಅಧಿಕಾರಿಯ ಕೂಡ ಮಾತಿನಲ್ಲಿದ್ದರು.

“ಸರ್, ಆ ರೆಕಾರ್ಡಿಂಗ್...”

“ಯಾಕಮ್ಮಾ, ಸೌಂಡ್ ಬರವಲ್ದೇನು?”

“ಬರ್ಲಿಕತ್ತದ ಸರ್.”

“ಮತ್ತೇನು? ಹಚ್ಚು, ಟೈಮ್ ಇಲ್ಲ.”

ಕೇಳಿದ್ದಕ್ಕೆ ಮಾತ್ರ ಉತ್ತರ ಕೊಟ್ಟು ಅವಳು ಮರಳಿದಳು. ಹಚ್ಚಲಾರೆ ಎನ್ನಬಹುದಿತ್ತು. ಲ್ಯಾಪ್‌ಟಾಪ್ ಕೆಟ್ಟಿದೆ ಎಂದಾದರೂ ಅನ್ನಬಹುದಿತ್ತು. ಅಷ್ಟು ಜನರೆದುರು ಬೈಸಿಕೊಳ್ಳುವ ಭಯ ದೊಡ್ಡದಾಗಿ, ಬೆರಳು ಬಟನ್ ಒತ್ತಿತು.

“ನಮ್ಮವ್ವ ಸತ್ತ ದಿನಾ ರೀ,” ಎಂದಿತು ಸ್ಪೀಕರು. “ಹೆಣದ ಮುಂದ ಭಜನಿ ಕುಂತಿತ್ತು. ನನ್ನ ಕೈ ನಡಗ್ಲಿಕತ್ವು, ತಾಳ ಹಿಡೀಲಿಕ್ಕ ಆಗವಲ್ದು. ಹೂವ ತರ್ತೀನಂತ ಹೇಳಿ ಗಾಡಿ ತಗೊಂಡು ಗಡಿ ದಾಟ್ದೆ. ಕುಡ್ದೆ. ಅಲ್ಲೇ ಬಿದ್ದೆ. ಹೊಳ್ಳಿ ಬರೂದ್ರಾಗ ಮಣ್ಣಾಗಿ ಮಂದಿ ಜಳಕಾ ಮಾಡ್ಲಿಕತ್ತಿದ್ರು. ಗಾಡಿ ಪಂಕ್ಚರ್ ಆಯ್ತಂದೆ...”

ಹುಡುಗರು ಕಿಸಕ್ಕನೆ ನಕ್ಕರು.

“...ಮನ್ಯಾಕಿ ನಂಬಿದ್ಲು ರೀ. ಊರಿಗೆಲ್ಲಾ ಅಕೀನೇ ಹೇಳ್ದಳು, ಪಾಪ, ಹೂವ ತರ್ಲಿಕ್ಕ ಹೋಗಿ ಅವ್ವನ ಮಣ್ಣಿಗೆ ತಪ್ಪಿದ್ರು ಅಂತ. ಅಕಿ ಹಂಗ ಹೇಳ್ದಾಗೆಲ್ಲಾ...” ಅಲ್ಲಿಗೆ ದನಿ ಒಡೆಯಿತು. ಮುದ್ರಿಕೆ ಮುಗಿಯಿತು.

ನಗು ನಿಂತುಹೋಗಿತ್ತು. ಹಿಂದಿನ ಸಾಲಿನಿಂದ ಒಬ್ಬ, “ಲೇ, ಇದು ಈಗ ಹಾಡ್ದವಂದೇ ದನಿ ಅಲ್ಲೇನಲೇ?” ಅಂದ. ಒಂದೊಂದಾಗಿ ತಲೆಗಳು ಜಮಖಾನೆಯ ಕಡೆ ತಿರುಗಿದವು. ಗೊಲ್ಲಾಳಪ್ಪ ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅಡಗಿಸಿ, ನೆಲ ನೋಡುತ್ತ ಕೂತಿದ್ದ. ಶಗುಫ್ತಾ ಮೇಡಂ ಮುಖ ಬಿಳಿಚಿತ್ತು. ಸುರೇಶಕುಮಾರ ಸರ್ ಒಬ್ಬರೇ ಮೈಕು ಹಿಡಿದು, “ಈ ಸೋದರನ ಹೆಸರನ್ನು ನಾವು ಗೌಪ್ಯವಾಗಿಟ್ಟಿದ್ದೇವೆ” ಎಂದು ಹೇಳುತ್ತಿದ್ದರು.

ಜಗದೇವಿ ಎದ್ದು ನಿಂತಳು.

“ಯಾಕ ಹಂಗ ನಮ್ಮವರ ಮಾರಿ ನೋಡ್ತೀರಿ? ಅದು ಇವರ ದನಿ ಅಲ್ಲ ರೀ. ನಮ್ಮತ್ತಿ ಸತ್ತಾಗ ಇವರು ಹೂವ ತರ್ಲಿಕ್ಕೇ ಹೋಗಿದ್ರು. ಗಾಡಿ ಪಂಕ್ಚರ್ ಎಷ್ಟ್ ಮಂದೀದು ಆಗಂಗಿಲ್ಲ?” ಮಾತಿನ ನಡುವೆ ಉಸಿರು ಎಳೆದುಕೊಂಡಳು. ಆಮೇಲೆ ಸಂಘಮಿತ್ರಾಳತ್ತ ಕೈ ಮಾಡಿದಳು. “ಆ ಹುಡಿಗೀನ ಕೇಳ್ರಿ. ಮಂದಿ ಮಾತೆಲ್ಲಾ ಬರಕೊಂಡಾಕಿ ಅಕಿ. ಹೇಳ್ ತಂಗಿ, ಇದು ಇವರದೇನು?”

ಸಭೆ ಈಗ ಸಂಘಮಿತ್ರಾಳನ್ನು ನೋಡಿತು. ಹೆಸರು ಎಲ್ಲಿಯೂ ಬರುವುದಿಲ್ಲ ಎಂದು ಗೊಲ್ಲಾಳಪ್ಪನ ಮನೆಯ ಹಿಂದಿನ ಬೇವಿನ ಕೆಳಗೆ ಕೂತು ಅವಳು ಮಾತು ಕೊಟ್ಟಿದ್ದಳು. ಆ ಮಾತು ಉಳಿಸಲು ಈಗ ಒಂದೇ ದಾರಿಯಿತ್ತು.

“ಅಲ್ಲ ರೀ,” ಅಂದಳು. “ಅವರು ಬ್ಯಾರೆಯವರು. ಚಂದ್ರಂಪಳ್ಳಿ ಕಡಿಯವರು.”

ಕೆಲವರು ನಂಬಿದರು. ನಂಬದವರೂ ಸುಮ್ಮನಾದರು. ಗೊಲ್ಲಾಳಪ್ಪ ತಲೆ ಎತ್ತಲಿಲ್ಲ.

ಊಟದ ಹೊತ್ತಿಗೆ ಸುರೇಶಕುಮಾರ ಸರ್ ಅವಳನ್ನು ಕರೆದರು. “ಒಂದು ಕ್ಷಣ ನಾನೂ ಗಾಬರಿ ಆಗಿದ್ದೆ ನೋಡು. ಅವರದಲ್ಲಲ್ಲ, ಬಚಾವ್. ನಾಳೆ ಚಿತ್ತಾಪುರದಾಗೂ ಇದೇ ಹಚ್ಚು. ಭಾಳ ಛಲೋ ಕೆಲಸ ಮಾಡ್ತದ.”

“ಹಚ್ಚಂಗಿಲ್ಲ ಸರ್.”

“ಯಾಕ?”

ಯಾಕೆಂದು ಹೇಳಿದರೆ ಹೆಸರು ಹೇಳಿದಂತೆ. ಅವಳು ಅವರೆದುರಿಗೇ ಲ್ಯಾಪ್‌ಟಾಪ್ ತೆರೆದು ಆ ಮುದ್ರಿಕೆಯನ್ನು ಅಳಿಸಿದಳು. ಸರ್ ಕೈಯಲ್ಲಿದ್ದ ಮಜ್ಜಿಗೆಯ ಗ್ಲಾಸನ್ನು ಮೇಜಿನ ಮೇಲಿಟ್ಟರು.

“ನಿನಗ ಪಿಎಚ್‌ಡಿ ಬೇಕಾಗಿಲ್ಲೇನು?”

ಅವಳು ಲ್ಯಾಪ್‌ಟಾಪ್ ಮುಚ್ಚಿದಳು. ಬೈಗುಳಕ್ಕಿಂತ ಹೆಚ್ಚು ಸುಟ್ಟದ್ದು ಬೇರೆ. ಅಳಿಸುವ ಈ ಬಟನ್ ಮುಂಜಾನೆಯೂ ಅವಳ ಬೆರಳಿನ ಕೆಳಗೇ ಇತ್ತು.

ಗೊಲ್ಲಾಳಪ್ಪ ಮತ್ತು ಜಗದೇವಿ ಊಟಕ್ಕೆ ಕೂತಿರಲಿಲ್ಲ. ಹುಡುಕುತ್ತ ಹೊರಗೆ ಬಂದರೆ, ಕಂಪೌಂಡಿನ ನಳದ ಹತ್ತಿರ ನಿಂತಿದ್ದರು. ಅವನ ಹೆಗಲಲ್ಲಿ ಹಾರ್ಮೋನಿಯಂ ಪೆಟ್ಟಿಗೆ. ಸಂಘಮಿತ್ರಾ ಹತ್ತಿರ ಹೋಗಿ, “ಅಕ್ಕಾ, ತಪ್ಪಾಯ್ತು” ಅಂದಳು.

ಜಗದೇವಿ ಮುಖಕ್ಕೆ ನೀರು ಹಾಕಿಕೊಂಡು, ಒರೆಸದೆ ಹಾಗೇ ನಿಂತಳು.

“ನೀ ಸುಳ್ಳು ಛಲೋ ಹೇಳ್ತಿ ತಂಗಿ. ಸಾಲಿ ಕಲ್ತಾಕಿ. ನನಗ ಬರಂಗಿಲ್ಲ. ಇಷ್ಟ್ ದಿನ ಖರೇ ಅಂತ ತಿಳದು ಹೇಳಿದ್ದೆ, ಅದಕ್ಕ ಛಂದಾಗಿ ಬರ್ತಿತ್ತು. ಇವತ್ತೇ ಸುಳ್ಳಂತ ಗೊತ್ತಿದ್ದು ಹೇಳ್ದೆ. ನಾಲಿಗಿ ಎಲ್ಲಾ ಕಹಿ ಕಹಿ ಆಗ್ಯಾದ.”

“ಅಕ್ಕಾ...”

“ನಾಳಿ ಚಿತ್ತಾಪುರಕ್ಕ ನಾ ಬರಂಗಿಲ್ಲ. ಅಲ್ಲಿ ಯಾರರೆ ಕೇಳಿದ್ರ ಮತ್ತೊಮ್ಮಿ ಹೇಳ್ಲಿಕ್ಕ ನನ್ನ ಕಡಿಂದ ಆಗಂಗಿಲ್ಲ.”

ಮುದ್ರಿಕೆ ಮುಗಿದ ಮೇಲೆ ಗೊಲ್ಲಾಳಪ್ಪ ಮೊದಲ ಸಲ ಮಾತಾಡಿದ. “ಕೇಳಿದ್ರ ನಾನೇ ಹೇಳ್ತೀನಿ.”

“ಏನ್ ಹೇಳ್ತೀರಿ?” ಜಗದೇವಿ ಅವನತ್ತ ತಿರುಗಿದಳು. ದನಿ ಏರಿಸಲಿಲ್ಲ. “ಈ ಹುಡಿಗಿ ಡಬ್ಬಿ ಮುಂದ ಹೇಳೀರಿ. ಸೇಡಂ ಮಂದಿಗೆಲ್ಲಾ ಕೇಳ್ಸೀರಿ. ನಾ ಮನ್ಯಾಗೇ ಇದ್ದೆ ನೋಡ್ರಿ, ಒಲಿ ಮುಂದ. ನನಗ ಯಾಕ ಹೇಳ್ಲಿಲ್ಲ? ಈಗ ಹೇಳ್ರಿ. ನನ್ನ ಮಾರಿ ನೋಡಿ ಹೇಳ್ರಿ.”

ಅವನು ಪೆಟ್ಟಿಗೆಯನ್ನು ಕೆಳಗಿಟ್ಟ. ಈ ಸಲ ಕೈಗಳನ್ನು ಅಡಗಿಸಲಿಲ್ಲ. ಬಾಯಿ ತೆರೆದ. ಜಗದೇವಿ ಕಾದಳು. ಅವನು ಒಮ್ಮೆ ಕೆಮ್ಮಿ, “ಅವತ್ತು...” ಅಂದ.

ಕೇಳುವುದು ಸಂಘಮಿತ್ರಾಳ ಕೆಲಸ. ಎಲ್ಲಿ ಮಾತು ತಡೆಯಿತು, ಎಲ್ಲಿ ದನಿ ಒಡೆಯಿತು ಎಂದು ಗುರುತು ಹಾಕಿಕೊಳ್ಳುವುದನ್ನು ಅವಳಿಗೆ ಕಲಿಸಿದ್ದರು. ಅವನ ಮುಂದಿನ ಮಾತು ಕಿವಿಗೆ ಬೀಳುವ ಮೊದಲೇ ಅವಳು ಬೆನ್ನು ತಿರುಗಿಸಿ, ಬಿರಬಿರನೆ ಗೇಟಿನ ಕಡೆ ನಡೆದಳು. ರಸ್ತೆಯಲ್ಲಿ ಸಿಮೆಂಟಿನ ಲಾರಿಗಳು ಸಾಲಾಗಿ ಗದ್ದಲ ಮಾಡುತ್ತ ಹೋಗುತ್ತಿದ್ದವು. ಅವಳು ಅವುಗಳ ಹತ್ತಿರ, ಏನೂ ಕೇಳಿಸದಷ್ಟು ಹತ್ತಿರ, ಹೋಗಿ ನಿಂತಳು.