ಲಕ್ಕಿ ಸೊಪ್ಪಿನ ಗುಡ್ಲು

ಮಗ ಮಾರುತೇಶ ಬೈಕಿನಿಂದ ಲಕ್ಕಿ ಸೊಪ್ಪಿನ ಹೊರೆ ಇಳಿಸುವುದನ್ನು ಮುದ್ದಕ್ಕ ಬೇವಿನ ನೆರಳಿನಿಂದ ನೋಡಿದಳು. ಅವಳಿಂದ ಒಂದು ಮಾರು ಆಚೆ, ಹಟ್ಟಿಯ ಬೇಲಿಯ ಹೊರಗೆ, ಮೊಮ್ಮಗಳು ಪುಷ್ಪಲತಾ ಗೋಣಿತಾಟಿನ ಮೇಲೆ ಮುದುರಿ ಮಲಗಿದ್ದಳು. ತುಟಿಯಲ್ಲಿ ಬಣ್ಣವೇ ಇರಲಿಲ್ಲ.

ಹುಡುಗಿ ಮೈನೆರೆದು ವರ್ಷವಾಗುತ್ತ ಬಂದಿತ್ತು. ಇವತ್ತಿನವರೆಗೆ ಅದು ಗೊತ್ತಿದ್ದದ್ದು ಮುದ್ದಕ್ಕನೊಬ್ಬಳಿಗೇ. ಮೈನೆರೆದವಳಿಗೆ ಸೋದರಮಾವ ಹಟ್ಟಿಯಾಚೆ ಸೊಪ್ಪು ಹೊದಿಸಿದ ಗುಡಿಸಲು, ಗುಡ್ಲು, ಹಾಕಬೇಕು. ಗುಡ್ಲು ಹಾಕುವ ಮಾರುತೇಶನೇ ತಾಳಿ ಕಟ್ಟುವುದೆಂದು ಪುಷ್ಪಲತಾ ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಅವಳ ತಾಯಿ, ಮುದ್ದಕ್ಕನ ಮಗಳು ಚಿಕ್ಕಕ್ಕನೂ ಹೀಗೇ ಗುಡ್ಲಿನಿಂದ ನೇರ ಹಸೆಮಣೆಗೆ ಹೋದವಳು. ಮೊದಲ ಹೆರಿಗೆಯಲ್ಲೇ ಕಣ್ಣು ಮುಚ್ಚಿದಳು.

ಇವಳಾದರೂ ಹತ್ತನೇ ಕ್ಲಾಸು ಮುಗಿಸಲಿ ಎಂದು ಮುದ್ದಕ್ಕ ಯಾರೆದುರೂ ಬಾಯಿ ಬಿಡಲಿಲ್ಲ. ಮುಟ್ಟಾದ ದಿನಗಳಲ್ಲಿ ಕುರಿಮರಿ ಕಾಯುವ ನೆಪ ಹೇಳಿ ಹೊಲದ ರೊಪ್ಪದಲ್ಲಿ ಮಲಗಿಸಿದಳು. ದೇವರ ಭಯ ಅವಳಿಗೂ ಇತ್ತು. ಮುದ್ದೆಯ ತಟ್ಟೆಯನ್ನು ದೂರದಿಂದಲೇ ಸರಿಸುತ್ತಿದ್ದಳು. ಹುಡುಗಿಯ ಬಟ್ಟೆ ಮತ್ತೆ ಮತ್ತೆ ನೆನೆದು ಹೋದರೂ ನರ್ಸಮ್ಮನಿಗೆ ತೋರಿಸಲಿಲ್ಲ. ತೋರಿಸಿದ್ದರೆ ಗುಟ್ಟು ಹಟ್ಟಿಗೆ ತಿಳಿಯುತ್ತಿತ್ತು.

ಇವತ್ತು ಬೆಳಿಗ್ಗೆ ಶಾಲೆಯಲ್ಲಿ ಪ್ರಾರ್ಥನೆಗೆ ನಿಂತವಳು ಕುಸಿದುಬಿದ್ದಳು. ನರ್ಸಮ್ಮ ಕಣ್ಣಿನ ರೆಪ್ಪೆ ಎಳೆದು ನೋಡಿ, ಮುಟ್ಟಿನಲ್ಲಿ ಹರಿದು ಹರಿದು ಮೈಯಲ್ಲಿ ರಕ್ತವೇ ಇಲ್ಲ, ಇವತ್ತೇ ಚಳ್ಳಕೆರೆ ಆಸ್ಪತ್ರೆಯಲ್ಲಿ ರಕ್ತ ಹಾಕಿಸಬೇಕು ಅಂದಳು. ಗುಟ್ಟು ಅಲ್ಲೇ ಹೊರಬಿತ್ತು. ನಾವೇ ಕರೆದೊಯ್ಯುತ್ತೇವೆ ಎಂದ ಹಟ್ಟಿಯವರು ನಡೆಸಿಕೊಂಡು ಬಂದು ಬೇವಿನ ಬುಡದಲ್ಲಿ ಬಿಟ್ಟರು. ಮೊದಲು ಗುಡ್ಲು, ಆಮೇಲೆ ಆಸ್ಪತ್ರೆ.

"ಲೇ ಮಾರುತೇಶ, ಸೊಪ್ಪು ಅಲ್ಲೇ ಇರ್ಲಿ. ಇವಳ್ನ ಬೈಕ್ ಮ್ಯಾಲೆ ಕೂರಿಸ್ಕೊಂಡು ಹೋಗು," ಅಂದಳು ಮುದ್ದಕ್ಕ.

"ಗುಡ್ಲು ಹಾಕ್ದೆ ಮುಟ್ಟಿದ್ರೆ ಹಟ್ಟಿಯೋರು ಬಿಡ್ತಾರೇನವ್ವ?" ಮಗ ತಲೆ ಎತ್ತಲಿಲ್ಲ. "ವರ್ಷ ಪೂರಾ ಮುಚ್ಚಿಟ್ಟೋಳು ನೀನು. ಈಗ ಅವಸರ ಮಾಡ್ತೀಯಾ."

"ಜಡ್ಡು ಬಿದ್ದ ಟಗರ್ನ ಇದೇ ಬೈಕಲ್ಲಿ ನೀನೇ ದನದ ಡಾಕ್ಟರ್ ಹತ್ರ ಹೊತ್ಕೊಂಡ್ ಹೋಗಿದ್ದೆ. ಇವ್ಳು ಅಷ್ಟಕ್ಕೂ ಇಲ್ವೇನೋ?"

ಮಾರುತೇಶ ಗುದ್ದಲಿ ಹುಡುಕಿದ.

ಮುದ್ದಕ್ಕ ಮೊಣಕಾಲಿಗೆ ಕೈಕೊಟ್ಟು ಎದ್ದಳು. ಮೊಮ್ಮಗಳ ರಟ್ಟೆ ಹಿಡಿದಳು. ಬೇಲಿಯ ಬಳಿ ನಿಂತಿದ್ದ ಹೆಂಗಸರು ಹಿಂದೆ ಸರಿದರು.

"ಮುಟ್ಟಬ್ಯಾಡ ಅಜ್ಜಿ," ಅಂದಳು ಹುಡುಗಿ. ಆ ಬಿಸಿಲಲ್ಲೂ ಅವಳ ಕೈ ತಣ್ಣಗಿತ್ತು.

ತೋಳಿಗೆ ಆನಿಸಿಕೊಂಡು, ಅಲ್ಲಲ್ಲಿ ಕೂರಿಸಿ ಎಬ್ಬಿಸಿ, ಡಾಂಬರು ರಸ್ತೆ ಮುಟ್ಟಿಸಿದಳು. ಚಳ್ಳಕೆರೆ ಬಸ್ಸಿನ ಸುಳಿವಿರಲಿಲ್ಲ.

"ಪರೀಕ್ಷೆಗೆ ಬಿಡ್ತಾರಾ ಅಜ್ಜಿ?" ಎಂದು ಕೇಳಿದ ಪುಷ್ಪಲತಾ, ಉತ್ತರಕ್ಕೆ ಕಾಯದೆ ಅವಳ ಹೆಗಲಿಗೆ ತಲೆಯಿಟ್ಟಳು.

ಮುದ್ದಕ್ಕ ಸೆರಗು ಹಿಡಿದು ಆ ಮುಖಕ್ಕೆ ಬಿಸಿಲು ಮರೆ ಮಾಡಿದಳು. ಹಿಂದೆ, ಹಟ್ಟಿಯ ಕಡೆಯಿಂದ, ಗಟ್ಟಿ ನೆಲಕ್ಕೆ ಗೂಟ ಬಡಿಯುವ ಸದ್ದು ಕೇಳಿಬರುತ್ತಲೇ ಇತ್ತು.