ಜಡ್ಜ್ ಪ್ಲಾಟ್ಕಿನ್ ಕೇಳಿದ ಕ್ಷಮೆ

ಅವತ್ತು ಸೂರ್ಯ ಮುಳುಗಿದರೆ ಯಹೂದಿಗಳ ಮಹಾ ಉಪವಾಸ ಶುರು. ಬೆಳಗಿನ ಅಂಚೆಯಲ್ಲಿ ಕಾರ್ಡು ವಾಪಸು ಬಂತು. ಅಂಚೆಯವನ ತಪ್ಪೇನಲ್ಲ. ಪಡೆದವರೇ ಹೊಸ ಲಕೋಟೆಗೆ ಹಾಕಿ, ಅಂಚೆಚೀಟಿ ಅಂಟಿಸಿ ಕಳಿಸಿದ್ದರು.

"ನೋಡ್ರೀ, ಯಾರೋ ನಿಮ್ಮ ಕಾರ್ಡನ್ನ ತಿದ್ದಿ ಕಳ್ಸಿದಾರೆ," ಎಂದು ತಿಲ್ಲಿ ಅದನ್ನು ಗಂಡನ ಕಾಫಿ ಪಕ್ಕದಲ್ಲಿಟ್ಟಳು.

ಉಪವಾಸಕ್ಕೆ ಮುಂಚೆ, ಯಾರಿಗೆ ತಪ್ಪು ಮಾಡಿದ್ದೇವೋ ಅವರ ಮನೆಗೇ ಹೋಗಿ, ಮುಖ ನೋಡಿ ಕ್ಷಮೆ ಕೇಳಬೇಕು. ಬ್ರೌನ್ಸ್‌ವಿಲ್ ಬಡಾವಣೆಯ ಯಹೂದಿ ಮಕ್ಕಳಿಗೂ ಗೊತ್ತಿರುವ ಸಂಗತಿ ಇದು. ಆದರೆ ತಿಲ್ಲಿಯ ಗಂಡ ಇಸಿಡೋರ್ ಪ್ಲಾಟ್ಕಿನ್, ಬೀದಿಯವರ ಬಾಯಲ್ಲಿ ಇಜ್ಜಿ, ಶಾಸಕನಾದ ವರ್ಷದಿಂದ ಕ್ಷಮೆಯನ್ನು ಸಗಟಾಗಿ ಕೇಳುತ್ತಿದ್ದ! ಮತದಾರರ ಪಟ್ಟಿ ನೋಡಿಕೊಂಡು ನಾಲ್ಕು ಸಾವಿರ ಕಾರ್ಡು: "ತಿಳಿದೋ ತಿಳಿಯದೆಯೋ ನಿಮಗೆ ನೋವು ಮಾಡಿದ್ದರೆ ಕ್ಷಮಿಸಿ." ಜಡ್ಜ್ ಆದಮೇಲೆ ವೋಟಿನ ಹಂಗಿರಲಿಲ್ಲ, ಆದರೂ ಚಾಳಿ ಬಿಡಲಿಲ್ಲ.

ಈ ಕಾರ್ಡಿನಲ್ಲಿ "ತಿಳಿದೋ ತಿಳಿಯದೆಯೋ" ಎಂಬುದರ ಕೆಳಗೆ ಕೆಂಪು ಶಾಯಿಯ ಗೆರೆ ಎಳೆದಿತ್ತು. ಅಂಚಿನಲ್ಲಿ ದುಂಡಗಿನ ಅಕ್ಷರ: "ಯಾವುದು? ಬೇಡವಾದದ್ದನ್ನು ಹೊಡೆದು ಹಾಕು."

ಸಹಿ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ. ಅದು ಫ್ರೀಡಾ ವಾಕ್ಸ್‌ಮನ್ ಟೀಚರ ಕೈಬರಹ. ಇಜ್ಜಿಯ ತಾಯಿಗೆ ರಾತ್ರಿ ಶಾಲೆಯಲ್ಲಿ ಕೈಹಿಡಿದು ಅಕ್ಷರ ತಿದ್ದಿಸಿದವರು ಅವರೇ. ಆ ಮುದುಕಿ ಪೌರತ್ವದ ಕಾಗದಕ್ಕೆ ಹೆಬ್ಬೆಟ್ಟು ಒತ್ತದೆ ರುಜು ಹಾಕಿ, ಮೊದಲ ವೋಟನ್ನು ಮಗನಿಗೇ ಹಾಕಿದ್ದು ಆ ಟೀಚರ ಪುಣ್ಯದಿಂದ.

ಇಜ್ಜಿ ಕೆಟ್ಟ ಶಾಸಕನೇನಲ್ಲ, ಅದನ್ನು ಹೇಳಲೇಬೇಕು. ಹನ್ನೊಂದು ವರ್ಷ ರಾಜಧಾನಿ ಆಲ್ಬನಿಯ ಶಾಸನಸಭೆಯಲ್ಲಿ ಬಾಡಿಗೆದಾರರ ಪರ ಗಂಟಲು ಹರಿದುಕೊಂಡಿದ್ದ. ಆಮೇಲೆ ಆ ಮಸೂದೆ ಬಂತು. ಹಿಂದೆ ಕಮ್ಯುನಿಸ್ಟರ ಯಾವ ಸಭೆಗೆ ಹೋಗಿದ್ದೆ, ಪಕ್ಕದಲ್ಲಿ ಯಾರು ಕೂತಿದ್ದರು ಎಂದು ಬಾಯಿ ಬಿಡದ ಮೇಷ್ಟರನ್ನೆಲ್ಲ ಮನೆಗೆ ಕಳಿಸುವ ಮಸೂದೆ. ಇಜ್ಜಿ ವಿರೋಧಿಸುತ್ತೇನೆಂದು ಪ್ರಾರ್ಥನೆಯ ಮಂದಿರವಾದ ಸಿನಗಾಗಿನಲ್ಲಿ ಎದೆ ತಟ್ಟಿ ಹೇಳಿದ್ದ. ಪಕ್ಷದ ಯಜಮಾನ ಊಟಕ್ಕೆ ಕರೆದು, "ಇಜ್ಜಿ, ಜಡ್ಜ್ ಕುರ್ಚಿ ಒಂದು ಖಾಲಿಯಾಗ್ತಿದೆ ಕಣಯ್ಯಾ. ಸುಮ್ನೆ ಹಠ ಮಾಡ್ಬೇಡ," ಎಂದ. ಮರುವಾರ ಇಜ್ಜಿ ಹೌದೆಂದು ಕೈಯೆತ್ತಿದ. ಫ್ರೀಡಾ ಟೀಚರು ಬಾಯಿ ಬಿಡಲಿಲ್ಲ. ಇಪ್ಪತ್ತೆರಡು ವರ್ಷದ ಕೆಲಸ ಹೋಯಿತು.

ಈಗ ಅವರು ಪಿಟ್ಕಿನ್ ಅವೆನ್ಯೂನ ಹ್ಯಾಟಿನ ಅಂಗಡಿಯಲ್ಲಿ ನಿಂತು ಹೆಂಗಸರ ತಲೆ ಅಳೆಯುತ್ತಿದ್ದರು. ಉಪವಾಸದ ಮುನ್ನಾದಿನವಾದ್ದರಿಂದ ಅವತ್ತು ಮಧ್ಯಾಹ್ನಕ್ಕೇ ಅಂಗಡಿ ಮುಚ್ಚುತ್ತಿದ್ದರು; ಜಡ್ಜ್ ಪ್ಲಾಟ್ಕಿನ್ ಒಳಗೆ ಹೋದಾಗ ಬಾಗಿಲು ಹಾಕುವ ಹೊತ್ತು.

"ಬಾ ಇಜ್ಜಿ. ತಿಲ್ಲಿಗೆ ಹ್ಯಾಟ್ ಬೇಕಾ?"

"ಟೀಚರ್, ನಿಮ್ಮ ಕಾರ್ಡು ಬಂತು."

"ನಂದಲ್ಲಪ್ಪ, ನಿಂದೇ. ನಾನು ತಿದ್ದಿದೆ ಅಷ್ಟೆ."

"ನಾನೊಬ್ಬ ಕೈ ಎತ್ತದಿದ್ರೂ ಅದು ಪಾಸಾಗ್ತಿತ್ತು ಟೀಚರ್. ಅಷ್ಟೊಂದು ಜನ ಪರವಾಗಿದ್ರು..."

"ನಾನು ಲೆಕ್ಕದ ಪ್ರಶ್ನೆ ಕೇಳ್ಲಿಲ್ಲ."

ಇಜ್ಜಿಯ ಕಿವಿ ಬಿಸಿಯಾಯಿತು. ನ್ಯಾಯಪೀಠದಲ್ಲಿ ಕುಳಿತು ದಿನವೂ ಎಂಥೆಂಥವರ ನೆಪ ಕೇಳಿ ಮೂಗು ಮುರಿಯುತ್ತಿದ್ದವನು, ಅದಕ್ಕಿಂತ ಹೀನವಾದ ನೆಪವನ್ನು ತನ್ನ ಬಾಯಿಂದಲೇ ಕೇಳಿದ್ದ. ಛೀ, ಎಂಥ ನಾಚಿಕೆಗೇಡು!

"ತಿಳಿದೇ ಮಾಡಿದೆ ಟೀಚರ್," ಎಂದ. "ನಿಮ್ಮ ಕೆಲಸ ಹೋಗುತ್ತೆ ಅಂತ ಗೊತ್ತಿತ್ತು. ಕುರ್ಚಿ ಆಸೆಗೆ ಮಾಡಿದೆ. ಕ್ಷಮಿಸಿ."

ಫ್ರೀಡಾ ಹ್ಯಾಟೊಂದನ್ನು ಡಬ್ಬಿಯೊಳಗಿಟ್ಟು ಮುಚ್ಚಿದರು. "ಈಗ ಸರಿಯಾಗಿ ಹೇಳ್ದೆ. ಆದ್ರೆ ಇಲ್ಲ. ಇವತ್ತು ಕ್ಷಮಿಸೋಕೆ ಆಗಲ್ಲ."

"ಟೀಚರ್..."

"ಕ್ಷಮಿಸ್ದೆ ಹೋದ್ರೆ ಏನ್ ಮಾಡ್ಬೇಕು ಅಂತ ನಿಂಗೇ ಗೊತ್ತು. ಮೂರು ಜನರನ್ನ ಕರ್ಕೊಂಡು ಬಂದು, ಅವರೆದುರು ಕೇಳ್ಬೇಕು. ನನ್ನ ಕೆಲಸ ತೆಗೆದಿದ್ದು ಗುಟ್ಟಾಗೇನಲ್ಲ, ಪೇಪರಲ್ಲಿ ಹೆಸರು ಹಾಕಿ ತೆಗೆದ್ರು. ಖಾಲಿ ಅಂಗಡೀಲಿ ಪಿಸುಗುಟ್ಟಿ ಮುಗಿಸ್ತೀಯಾ? ಮೂರೇ ಜನ ಇಜ್ಜಿ. ಅವರ ಮುಂದೆ ಇದೇ ಮಾತು ಹೇಳು, ಆ ಕ್ಷಣ ಕ್ಷಮಿಸ್ತೀನಿ."

ಸೂರ್ಯ ಮುಳುಗಲು ಐದು ಗಂಟೆಯಿತ್ತು. ಮೂರು ಜನ ಯಾವ ಮಹಾ! ಬೀದಿಗಿಳಿದರೆ ಮೂವತ್ತು ಜನ ಕೈಕುಲುಕುತ್ತಾರೆ. ಕಸಾಯಿ ಅಂಗಡಿಯವನು ಓಡಿಬಂದು, "ಜಡ್ಜ್ ಸಾಹೇಬ್ರೇ, ಏನಾದ್ರೂ ತಪ್ಪಾಗಿದ್ರೆ ಕ್ಷಮಿಸ್ಬಿಡಿ," ಎಂದ. "ನೀವೂ ಅಷ್ಟೆ, ನನ್ನನ್ನ ಕ್ಷಮಿಸ್ಬಿಡಿ," ಎಂದು ಇಜ್ಜಿ ಥಟ್ಟನೆ ಹೇಳಿದ. ನನ್ನ ಜೊತೆ ಸ್ವಲ್ಪ ಹ್ಯಾಟಿನ ಅಂಗಡಿಗೆ ಬರುತ್ತೀರಾ ಎಂದು ಕೇಳಲು ಬಾಯಿ ತೆರೆದ. ಯಾಕೆ ಎಂದರೆ? ಯಾಕೆಂದು ಹೇಳಬೇಕಾಗುತ್ತಲ್ಲ! ನಾಲಿಗೆ ಹೊರಳಲಿಲ್ಲ. ಔಷಧಿ ಅಂಗಡಿಯ ಮುಂದೆಯೂ ಅದೇ ಆಯಿತು. ಸ್ವಂತ ಭಾವಮೈದುನನ ಮನೆ ಬಾಗಿಲವರೆಗೂ ಹೋಗಿ, ಗಂಟೆ ಒತ್ತದೆ ಮೆಟ್ಟಿಲಿಳಿದ. ಮನೆಗೆ ಬಂದು ಸೂಪು ಕುಡಿದ, ಉಪವಾಸದಲ್ಲಿ ಚರ್ಮ ಮೆಟ್ಟಬಾರದೆಂದು ಬಟ್ಟೆಯ ಬೂಟು ಹಾಕಿಕೊಂಡ, ಹೊರಟ.

ಸಿನಗಾಗು ಕಿಕ್ಕಿರಿದಿತ್ತು. ಮೇಲೆ ಹೆಂಗಸರ ಅಟ್ಟದ ಮೊದಲ ಸಾಲಿನಲ್ಲಿ ಫ್ರೀಡಾ ಕುಳಿತಿದ್ದರು. ಇಜ್ಜಿ ಕಣ್ಣು ತಪ್ಪಿಸಿ ತನ್ನ ಜಾಗಕ್ಕೆ ಹೋಗುವಷ್ಟರಲ್ಲಿ ಅಧ್ಯಕ್ಷ ಜೆಲಿಗ್ ಬ್ರಾನ್‌ಫೈನ್ ತೋಳು ಹಿಡಿದ.

"ಎಲ್ಲಿಗೆ ಸ್ವಾಮಿ? ಈ ಸಲ ಧರ್ಮಗ್ರಂಥ ಹಿಡ್ಕೊಂಡು ಮುಂದೆ ನಿಲ್ಲೋರು ನೀವೇ. ಕಮಿಟಿ ತೀರ್ಮಾನ."

"ಬೇಡ ಜೆಲಿಗ್, ಬೇರೆ ಯಾರನ್ನಾದ್ರೂ..."

"ಸಾಕು ಸುಮ್ನಿರಿ, ನಮ್ಮ ಬೀದಿಯಿಂದ ಆದ ಜಡ್ಜ್ ಇರೋರೇ ಒಬ್ರು. ಬಿಂಕ ಮಾಡ್ಬೇಡಿ!"

ಆ ಸಂಜೆ ಪ್ರಾರ್ಥನೆ ಶುರುವಾಗುವ ಮುಂಚೆ ಮೂವರು ಎದುರಿಗೆ ನಿಲ್ಲುತ್ತಾರೆ, ನಡುವೆ ಹಾಡುವವನು, ಎಡಬಲದಲ್ಲಿ ಗ್ರಂಥ ಹಿಡಿದ ಇಬ್ಬರು. ಆ ಮೂವರು ಸೇರಿದರೆ ಒಂದು ನ್ಯಾಯಪೀಠ. ತಪ್ಪು ಮಾಡಿದವರೂ ನಮ್ಮ ಜೊತೆ ನಿಂತು ಪ್ರಾರ್ಥಿಸಲಿ ಎಂದು ಅಪ್ಪಣೆ ಕೊಡಬೇಕಾದವರು ಅವರೇ. ಆ ಮಾತನ್ನು ಮೂರು ಸಲ ಗಟ್ಟಿಯಾಗಿ ಹೇಳುವುದು ಕಮಿಟಿ ಆರಿಸಿದವನ ಪಾಲು.

ಬೆಳ್ಳಿ ಕಿರೀಟದ ಗ್ರಂಥ ಇಜ್ಜಿಯ ಎದೆಗೆ ಬಂತು. ಮುಂದೆ ಮುನ್ನೂರು ಗಂಡಸರು. ಮೇಲೆ ಫ್ರೀಡಾ ಎದ್ದುನಿಂತು, ಕಟಕಟೆ ಹಿಡಿದು, ಅವನನ್ನೇ ನೋಡುತ್ತಿದ್ದರು. ಕೋಪದಿಂದಲ್ಲ. ಹಿಂಜರಿಯುವ ಹುಡುಗ ಉತ್ತರ ಹೇಳಲಿ ಎಂದು ಕಾಯುವ ಹಾಗೆ. ಈಗ ಒಂದೇ ಒಂದು ವಾಕ್ಯ ಸಾಕಿತ್ತು, ಹುಡುಕಿದರೂ ಸಿಗದ ಜನ ತಾವಾಗಿಯೇ ಎದುರು ಬಂದು ನಿಂತಿದ್ದರು. "ಟೀಚರ್" ಎಂಬ ಮಾತು ಇಜ್ಜಿಯ ತುಟಿಯವರೆಗೆ ಬಂತು.

"ಹೂಂ, ಶುರು ಮಾಡಿ," ಎಂದು ಜೆಲಿಗ್ ಪಕ್ಕದಿಂದ ಮೊಣಕೈಯಲ್ಲಿ ತಿವಿದ.

ಇಜ್ಜಿ ಶುರು ಮಾಡಿದ. ಮೇಲಿನ ನ್ಯಾಯಾಲಯದ ಹೆಸರಿನಲ್ಲಿ, ಕೆಳಗಿನ ನ್ಯಾಯಾಲಯದ ಹೆಸರಿನಲ್ಲಿ, ಪಾಪಿಗಳಿಗೆಲ್ಲ ಅಪ್ಪಣೆ ಕೊಟ್ಟ. ಆಲ್ಬನಿಯ ಸಭೆಯನ್ನು ತುಂಬುತ್ತಿದ್ದ ದನಿ, ಒಂದು ಕಡೆಯೂ ನಡುಗಲಿಲ್ಲ. ಮೂರನೆಯ ಸಲ ಹೇಳುವಾಗ ತಲೆಯೆತ್ತಿದ. ಫ್ರೀಡಾ ಕುಳಿತುಬಿಟ್ಟಿದ್ದರು, ಪುಸ್ತಕ ತೆರೆದು ಪುಟ ಹುಡುಕುತ್ತಿದ್ದರು.

ಪ್ರಾರ್ಥನೆ ಮುಗಿದಮೇಲೆ ಜೆಲಿಗ್ ಎಲ್ಲರಿಗೂ ಕೇಳುವಂತೆ, "ಏನ್ ಕಂಠ ಸಾಹೇಬ್ರೇ, ಮೈ ಜುಂ ಅಂತು!" ಎಂದ.

"ಥ್ಯಾಂಕ್ಸ್," ಎಂದ ಜಡ್ಜ್ ಪ್ಲಾಟ್ಕಿನ್.