ಕಟಕ್ ಅನ್ನೋ ಚಕ್ರ, ಪಟಕ್ ಅನ್ನೋ ಮುಚ್ಚಳ

ಸಮಸ್ತ ನಾಗರಿಕರ ಗಮನಕ್ಕೆ. ಶಿವಮೊಗ್ಗದ ಅಡಿಕೆ ಮಂಡಿ ವ್ಯಾಪಾರಿ ಶ್ರೀಯುತ ಶಿವಯೋಗಿಯವರ ಬಿಳಿ ಕಾರಿನಲ್ಲಿ 'ಕಟಕ್' ಎಂಬ ಸದ್ದು ಉದ್ಭವಿಸಿದ್ದು, ಕಳೆದ ಹನ್ನೊಂದು ದಿನಗಳಿಂದ ಅಲ್ಲೇ ಠಿಕಾಣಿ ಹೂಡಿದೆ ಎಂದು ತಿಳಿಸಲು ತೀವ್ರವಾಗಿ ವಿಷಾದಿಸಲಾಗಿದೆ.

ಊರಿಗೆ ಇದು ಸುದ್ದಿ ಅಲ್ಲ, ಬರೀ ಸದ್ದು. ಶಿವಯೋಗಿಗೆ ಮಾತ್ರ ಮಾನದ ಪ್ರಶ್ನೆ. ಭಾನುವಾರ ಭದ್ರಾವತೀಲಿ ಅಕ್ಕನ ಮಗಳು ಸುಮನಾ ಮದುವೆಯ ವರಪೂಜೆ. ಮದುಮಗನ್ನ ಜನ್ನಾಪುರದ ಅಕ್ಕನ ಮನೆಯಿಂದ ಛತ್ರದವರೆಗೆ ಓಲಗದ ಹಿಂದೆ ಮೆರವಣಿಗೇಲಿ ತರಬೇಕು. ಯಾರ ಕಾರಲ್ಲಿ? ಸೋದರಮಾವ ಬದುಕಿರುವಾಗ ಈ ಪ್ರಶ್ನೆ ಕೇಳೋದೇ ಅಪರಾಧ ಅಂತ ಶಿವಯೋಗಿಯ ವಾದ. ಹುಡುಗಿಯ ಚಿಕ್ಕಪ್ಪ ಜ್ಞಾನೇಶ್ ಮಾತ್ರ ಎಮ್ಮೆ ಗಾತ್ರದ ಹೊಸ ಕಾರು ತೊಳೀತಾ ತೊಳೀತಾ ಆ ಪ್ರಶ್ನೆ ಕೇಳ್ತಾನೇ ಇದ್ದ.

ಅವನ ಬಾಯಿ ಮುಚ್ಚಿಸೋಕೇ ಶಿವಯೋಗಿ ಭದ್ರಾವತಿಯ ಯೋಗರಾಜನ ಅಂಗಡೀಲಿ ಹಳೇ ಚಕ್ರ ಕೊಟ್ಟು, ಕನ್ನಡಿ ಥರ ಹೊಳೆಯೋ ಅಗಲ ಅಲಾಯ್ ಹಾಕಿಸ್ಕೊಂಡಿದ್ದು. ಯೋಗರಾಜ ಒಂದು ಪ್ಲಾಸ್ಟಿಕ್ ಕವರಲ್ಲಿ ನಾಲ್ಕು ಪುಟ್ಟ ಮುಚ್ಚಳ ಕೊಟ್ಟು, "ಪೂಜೆ ಆದ್ಮೇಲೆ ಚಕ್ರದ ನಡುವೆ ಒತ್ತಿಬಿಡಿ ಸಾರ್, ಪಟಕ್ ಅಂತ ಕೂರುತ್ತೆ" ಅಂದಿದ್ದ. ಮನೇಲಿ ತಾಯಿ ಜಗದಾಂಬಾ ಪೂಜೆ ಮಾಡಿದ್ರು, ಮುಚ್ಚಳಾನೂ ಒತ್ತಿದ್ರು. ಚಕ್ರವರ್ತಿ ಶಿವಯೋಗಿಗಳು ಆಗ ವಾಟ್ಸಾಪ್ ಗ್ರೂಪಿಗೆ ಫೋಟೋ ಹಾಕೋದ್ರಲ್ಲಿದ್ರು.

ಮಾರನೇ ದಿನ ಶುರು. ಕಟಕ್. ಕಟಕ್. ನಿಧಾನಕ್ಕೆ ಹೋದ್ರೆ ಕಟಕಟ, ಮೂವತ್ತು ದಾಟಿದ್ರೆ ಮಠದಷ್ಟು ಮೌನ. ಮೆರವಣಿಗೆ ಅಂದ್ರೆ ನಿಧಾನಾನೇ ಅಲ್ವಾ! ಓಲಗದೋರು ಊದ್ತಿರುವಾಗ ಹಿಂದಿನಿಂದ ಹಲ್ಲು ಕಡಿಯೋ ಕಾರು. ನೆನೆಸ್ಕೊಂಡ್ರೇ ಶಿವಯೋಗಿಗೆ ಹುಳಿತೇಗು ಬರ್ತಿತ್ತು.

ಯೋಗರಾಜ ಗಾಡೀನ ಹೈವೇಲಿ ಎಂಬತ್ತರಲ್ಲಿ ಓಡಿಸಿ ಬಂದು, "ಎಲ್ಲಿ ಸಾರ್ ಸೌಂಡು? ಚಕ್ರದ ಬ್ಯಾಲೆನ್ಸ್ ಸರಿ ಇದೆ, ಕಿವೀದು ಒಂದ್ಸಲ ಮಾಡಿಸ್ಕೊಳ್ಳಿ" ಅಂದ. ಇನ್ನೊಬ್ಬ ಬೇರಿಂಗ್ ಬದಲಾಯಿಸಿದ. ಮತ್ತೊಬ್ಬ ಎಂಥದೋ ಎಣ್ಣೆ ಸುರಿದ. ಆಮೇಲಿಂದ ಕಾರು ಸೀಮೆಎಣ್ಣೇಲಿ ಮಿಂದ ಹೋತದ ಥರ ನಾತ ಹೊಡೀತಿತ್ತು. ಸದ್ದು ಮಾತ್ರ ಮದುವೆಗೆ ಮುಂಚೆ ಬಂದ ನೆಂಟನ ಥರ ಕಾಲು ಚಾಚಿ ಕೂತಿತ್ತು.

ಶನಿವಾರ ಹುಡುಗಿಯ ತಾಯಿ ಪದ್ಮಕ್ಕ ಫೋನ್ ಮಾಡಿದ್ಲು. "ನೋಡು ಶಿವು, ಬೀಗರ ಮುಂದೆ ಕಟಕಟ ಬೇಡ. ಸದ್ದು ನಿಂತ್ರೆ ನಿನ್ನ ಗಾಡಿ. ಇಲ್ಲಾಂದ್ರೆ ಜ್ಞಾನೇಶಂದು. ಸಂಜೆ ಆರಕ್ಕೆ ಸರಿಯಾಗಿ ಮದುಮಗ ಹತ್ತಬೇಕು, ಐನೋರು ಗಳಿಗೆ ಇಟ್ಟಿದ್ದಾರೆ."

ಹಿಂದಿನಿಂದ ಜ್ಞಾನೇಶನ ದನಿ: "ಭಾವನ ಗಾಡಿಗೆ ಓಲಗ ಯಾಕೆ ಅತ್ತಿಗೆ? ತಾಳ ಅದೇ ಹಾಕುತ್ತೆ!"

ಭಾನುವಾರ ಮಧ್ಯಾಹ್ನ ಶಿವಯೋಗಿ ಕೊನೇ ಬಾಗಿಲು ತಟ್ಟಿದ, ಕರಿಯಣ್ಣನ ಗ್ಯಾರೇಜು. ಕರಿಯಣ್ಣನ ಬಾಯಲ್ಲಿ ಸದಾ ಗುಟ್ಕಾ. ಮಾತಾಡೋಕೆ ಮುಂಚೆ ಉಗೀತಾನೆ, ಮಾತಾಡಿದ್ಮೇಲೂ ಉಗೀತಾನೆ. ಗೋಡೆ ಬುಡ ನೋಡಿದ್ರೆ ಯಾರನ್ನೋ ಕಡಿದು ಹಾಕಿದಂಗಿತ್ತು. ಅದರಲ್ಲಿ ತನ್ನ ಮಂಡಿ ಮಾಲೂ ಇರಬಹುದು ಅನ್ನಿಸಿ ಶಿವಯೋಗಿ ಕರವಸ್ತ್ರ ಮೂಗಿಗೆ ಒತ್ತಿಕೊಂಡ.

ಕರಿಯಣ್ಣ ಗಾಡಿ ಓಡಿಸೋಕೇ ಹೋಗಲಿಲ್ಲ. ಜಾಕ್ ಕೊಟ್ಟು ಎತ್ತಿ, ಮುಂದಿನ ಚಕ್ರಾನ ಕೈಯಲ್ಲಿ ಮೆಲ್ಲಗೆ ತಿರುಗಿಸಿದ. ಕಟಕ್. ಜೋರಾಗಿ ತಿರುಗಿಸಿದ. ಮೌನ. ಮತ್ತೆ ಮೆಲ್ಲಗೆ. ಕಟಕ್.

"ಒಳಗೇನೋ ಉರುಳ್ತಿದೆ ಸಾರ್. ಜೋರಾಗಿ ತಿರುಗಿದ್ರೆ ಅಂಚಿಗೆ ಅಂಟ್ಕೊಳುತ್ತೆ." ಸ್ಕ್ರೂ ಡ್ರೈವರಿಂದ ನಡುವಿನ ಮುಚ್ಚಳ ಎಬ್ಬಿಸಿದ. ಅರಿಶಿನ ಕುಂಕುಮ ಮೆತ್ತಿದ ಒಂದು ಗೋಟಡಿಕೆ ಟಣ್ಣಂತ ನೆಲಕ್ಕೆ ಬಿತ್ತು.

ನಾಲ್ಕೂ ಚಕ್ರದಲ್ಲಿ ಒಂದೊಂದು. ಜಗದಾಂಬಾ ಪೂಜೆಯ ಅಡಿಕೇನ ತೂತಿಗೆ ಭದ್ರವಾಗಿ ಇಟ್ಟು ಮುಚ್ಚಳ ಹಾಕಿದ್ರು.

ಶಿವಯೋಗಿ ನಿಂತಲ್ಲೇ ಸಣ್ಣಗಾದ. ಅಡಿಕೇನ ಮುಷ್ಟೀಲಿ ಅಲ್ಲಾಡಿಸಿ, ಸದ್ದು ಕೇಳಿ, ಎಷ್ಟು ಒಣಗಿದೆ ಅಂತ ಹೇಳೋ ಗಂಡು ಅಂತ ಮಂಡೀಲಿ ಅವನ ಹೆಸರು. ಹನ್ನೊಂದು ದಿನ ಅಡಿಕೆ ಮೇಲೇ ಸವಾರಿ ಮಾಡಿ ಗೊತ್ತಾಗಲಿಲ್ಲ!

ಕರಿಯಣ್ಣ ಒಂದು ಅಡಿಕೇನ ಗ್ರೀಸ್ ಪ್ಯಾಂಟಿಗೆ ಒರೆಸಿ, ಕಟಕ್ ಅಂತ ಹಲ್ಲಲ್ಲಿ ಒಡೆದ. "ಚೆನ್ನಾಗಿ ಒಣಗಿದೆ ಸಾರ್!"

"ಥೂ! ಪೂಜೇದು ಮಾರಾಯ ಅದು!" ಅಂದ ಶಿವಯೋಗಿ. ಉಳಿದ ಮೂರನ್ನ ಕರವಸ್ತ್ರದಲ್ಲಿ ಕಟ್ಕೊಂಡು ಗಾಡಿ ಹತ್ತಿದ.

ಕಾರು ಒಂದು ಸೊಲ್ಲೂ ಎತ್ತಲಿಲ್ಲ. ಆ ಮೌನಾನ ಚಪ್ಪರಿಸೋಕೆ ಅಂತಲೇ ಭದ್ರಾವತಿವರೆಗೂ ಹದಿನೈದರಲ್ಲೇ ಹೋದ. ಹಿಂದೆ ಬಸ್ಸುಗಳು ಹಾರನ್ ಹೊಡೆದು ಹೊಡೆದು ಸುಸ್ತಾದ್ವು. ಅರ್ಧ ಗಂಟೆ ದಾರಿ ಒಂದೂಕಾಲು ಗಂಟೆ ಆಯ್ತು.

ಜನ್ನಾಪುರದಲ್ಲಿ ಮನೆ ಮುಂದೆ ಎರಡು ಸುತ್ತು ಹಾಕಿ ತೋರಿಸಿದ. ಪದ್ಮಕ್ಕ ಕಿವಿಗೊಟ್ಟು ಕೇಳಿ, "ನಿಂದೇ ಗಾಡಿ ಕಣೋ" ಅಂದ್ಲು. ಜ್ಞಾನೇಶ್ ತನ್ನ ಕಾರಿಂದ ಹಾರ ಬಿಚ್ಚೋಕೆ ಶುರು ಮಾಡಿದ. ಶಿವಯೋಗಿ ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಇರಲಿಲ್ಲ. ಮದುವೆಗೆ ಮೊದಲೇ ಬಂದಿದ್ದ ತಾಯಿಗೆ ಎಲ್ಲರ ಮುಂದೆ ಕರವಸ್ತ್ರ ಬಿಚ್ಚಿ ತೋರಿಸಿ, "ತಗೋಮ್ಮ ನಿನ್ನ ಅಡಿಕೆ" ಅಂದ.

ಜಗದಾಂಬಾ ಮುಖ ಬಿಳಿಚಿತು. "ತೆಗೆದುಬಿಟ್ಯಾ? ಮದುವೆ ಮುಗಿಯೋ ತನಕ ಇರಲಿ ಅಂತ ಸಂಕಲ್ಪ ಮಾಡಿ ಇಟ್ಟಿದ್ದು! ನಾಲ್ಕನೇದು ಎಲ್ಲಿ?"

"ಕರಿಯಣ್ಣನ ಬಾಯಲ್ಲಿ."

"ಶಿವ ಶಿವಾ! ಪೂಜೆ ಕೆಡ್ತು. ಪೂಜೆ ಕೆಟ್ಟ ಗಾಡೀಲಿ ಮದುಮಗನ್ನ ಕೂರಿಸೋ ಹಾಗಿಲ್ಲ."

"ಬೇರೆ ಅಡಿಕೆ ಹಾಕಿ ಮುಚ್ಚು!"

"ಕಟಕಟ ಬೇಡ ಅಂದಿದ್ದೀನಿ" ಅಂದ್ಲು ಪದ್ಮಕ್ಕ.

"ಹಾಗಾದ್ರೆ ಅಡಿಕೆ ಇಲ್ದೇನೇ ಹೊಸದಾಗಿ ಪೂಜೆ ಮಾಡಮ್ಮ, ಈಗಲೇ!"

"ಮಾಡ್ತೀನಿ. ಟೈಮೆಷ್ಟು?"

ನಾಲ್ಕು ಮೂವತ್ತೆರಡು.

"ಭಾನುವಾರ ನಾಲ್ಕೂವರೆಗೆ ರಾಹುಕಾಲ ಶುರು" ಅಂದ್ರು ಜಗದಾಂಬಾ. "ಮುಗಿಯೋದು ಆರಕ್ಕೆ."

ಮದುಮಗ ಹತ್ತೋದೂ ಆರಕ್ಕೇ. ನಡುವೆ ಪೂಜೆಗೆ ಒಂದು ಕಡ್ಡಿ ಗೀರೋಷ್ಟೂ ಜಾಗ ಇಲ್ಲ.

ಜ್ಞಾನೇಶ್ ಬಿಚ್ಚಿದ ಹಾರಾನ ಮತ್ತೆ ಕಟ್ಟಿದ. ಕೈ ಒರೆಸ್ಕೊಂಡು ಬಂದು ಶಿವಯೋಗಿಯ ಕಿಟಕಿಗೆ ಬಗ್ಗಿ, ಬಹಳ ವಿನಯದಿಂದ ಹೇಳಿದ: "ಭಾವ, ಗಾಡಿ ಸ್ವಲ್ಪ ಹಿಂದಕ್ಕೆ ತಗೊಳ್ಳಿ. ಮದುಮಗನ ಕಾರು ಮುಂದೆ ಬರ್ಬೇಕು."

ಶಿವಯೋಗಿ ಹಿಂದಕ್ಕೆ ತಗೊಂಡ. ಒಂದಿಷ್ಟೂ ಸದ್ದಾಗಲಿಲ್ಲ.